ಒಲೆಯ ಉರಿ ಸಾಲದೆಂಬ ವಿಚಾರ

ಕಾರ್ಯವು ಕೆಟ್ಟಾಗ ಮನುಷ್ಯನು ಮೊದಲು ದೂರುವುದು ಉಪಕರಣವನ್ನು. ಬರೆಯುವವನು ಲೇಖನಿಯನ್ನೂ, ಉಳುವವನು ನೇಗಿಲನ್ನೂ, ಓದಲೊಲ್ಲದ ಹುಡುಗನು ದೀಪವನ್ನೂ ದೂರುವುದು ಲೋಕದಲ್ಲಿ ಕಂಡ ಸಂಗತಿಯೇ ಆಗಿದೆ. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯು ಇಂಥವರನ್ನು ಕುರಿತೇ ಹುಟ್ಟಿತು. ಆದರೆ ನೆಲವು ಕೆಲವೆಡೆ ನಿಜವಾಗಿಯೂ ಡೊಂಕಾಗಿರುವುದುಂಟು. ಅಂತಹ ಸ್ಥಳದಲ್ಲಿ ಗಾದೆಯನ್ನು ಹೇಳಿ ದೂರುವವರ ಬಾಯಿ ಮುಚ್ಚಿಸುವುದು ನ್ಯಾಯವಾಗಲಾರದು. ಹಾಗಾದರೆ ದೋಷವು ಯಾವಾಗ ಉಪಕರಣದ್ದು, ಯಾವಾಗ ಕರ್ತೃವಿನದು? ಈ ಪ್ರಶ್ನೆಯನ್ನು ಆಲೋಚಿಸುವುದಕ್ಕೆ ದೊಡ್ಡ ದೊಡ್ಡ ಉದಾಹರಣೆಗಳು ಬೇಕಾಗಿಲ್ಲ. ಅಡಿಗೆಮನೆಯ ಒಂದು ಸಣ್ಣ ಸಂಗತಿಯೇ ಸಾಕು.

ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯು ತುಂಗಭದ್ರೆಯ ದಡದಲ್ಲಿರುವ ಕ್ಷೇತ್ರವು. ಅಲ್ಲಿಯ ಕರಿಬಸವೇಶ್ವರರ ಗದ್ದುಗೆಯನ್ನು ದರ್ಶಿಸಲು, ಅದರಲ್ಲಿಯೂ ಅಮಾವಾಸ್ಯೆಯ ದಿನಗಳಲ್ಲಿ, ನಾನಾ ಕಡೆಗಳಿಂದ ಜನರು ಬಂದು ಸೇರುತ್ತಾರೆ. ಜನರು ಸೇರುವ ಎಡೆಯಲ್ಲಿ ಬಾಣಲೆಯೂ ಬಂದು ಸೇರುವುದು ಸಹಜವಷ್ಟೆ. ಈ ಸೀಮೆಯಲ್ಲಿ ಬಾಣಲೆಯೆಂದರೆ ಹಿಂದೆ ಮೆಣಸಿನಕಾಯಿ ಬೋಂಡವೂ ಒಗ್ಗರಣೆ ಮಂಡಕ್ಕಿಯೂ ನೆನಪಿಗೆ ಬರುತ್ತಿದ್ದವು. ಈಗಲಾದರೋ ಹರಿಹರ ದಾವಣಗೆರೆಗಳ ಬೀದಿಗಳಲ್ಲಿ ಸಂಜೆಯಾಯಿತೆಂದರೆ ಫ್ರೈಡ್ ರೈಸ್, ಗೋಬಿ ಮಂಚೂರಿಗಳ ಗಾಡಿಗಳು ನಿಲ್ಲುತ್ತವೆ. ದೊಡ್ಡ ಉರಿಯ ಮೇಲೆ ಬಾಣಲೆಯನ್ನು ಎತ್ತಿ ಎತ್ತಿ ಕುಲುಕುವ ಗಾಡಿಯವನ ಕೈಚಳಕವನ್ನು ಮಕ್ಕಳು ನಿಂತು ನೋಡುತ್ತಾರೆ.

ಈ ಸೀಮೆಯ ಒಂದು ಮನೆಯನ್ನು ದೃಷ್ಟಾಂತಕ್ಕಾಗಿ ಕಲ್ಪಿಸಿಕೊಳ್ಳಬಹುದು. ಆ ಮನೆಯ ತರುಣನು ಹರಿಹರದಲ್ಲಿ ತಿಂದು ಬಂದ ರುಚಿಯನ್ನು ಮನೆಯಲ್ಲಿಯೇ ಮಾಡಿ ಎಲ್ಲರಿಗೂ ಬಡಿಸಬೇಕೆಂದು ಹೊರಟನು. ಅರ್ಧ ಕಿಲೋದಷ್ಟು ಎಲೆಕೋಸು, ದೊಣ್ಣೆಮೆಣಸಿನಕಾಯಿ, ಹುರುಳಿಕಾಯಿಗಳನ್ನು ಹೆಚ್ಚಿ ಒಂದೇ ಸಲಕ್ಕೆ ಬಾಣಲೆಗೆ ಸುರಿದನು. ಮೊದಲು ಚುಂಯ್ ಎಂದ ಸದ್ದು ಕ್ಷಣದಲ್ಲಿ ಅಡಗಿತು. ತರಕಾರಿಯು ನೀರು ಬಿಟ್ಟುಕೊಂಡು ಆ ನೀರಿನಲ್ಲಿಯೇ ಬೇಯಲಾರಂಭಿಸಿತು. ಮೇಲೆ ಹಾಕಿದ ಅನ್ನವು ಮುದ್ದೆಯಾಯಿತು. ತರುಣನು ಬೇಸತ್ತು, "ಅಜ್ಜೀ, ಈ ಒಲ್ಯಾಗ ಏನೂ ದಮ್ಮಿಲ್ಲ. ಗಾಡಿಯವನಂಥ ದೊಡ್ಡ ಒಲಿ ತಂದ್ರ ಮಾತ್ರ ಆಗತೈತಿ" ಎಂದನು. ಮೂಲೆಯಲ್ಲಿ ಕುಳಿತು ನೋಡುತ್ತಿದ್ದ ಮುದುಕಿಯು, "ಒಲಿ ಸಣ್ಣದಲ್ಲೋ ತಮ್ಮಾ, ನಿನ್ನ ಬೊಗಸಿ ದೊಡ್ಡದು" ಎಂದಳು.

ಇಬ್ಬರಲ್ಲಿ ಯಾರ ಮಾತು ನಿಜ? ಇದೇ ವಿಚಾರ್ಯವಾದ ವಿಷಯವು.

ಮೊದಲು ತರುಣನ ಪಕ್ಷವನ್ನು ಗೌರವದಿಂದ ಕೇಳತಕ್ಕದ್ದು. ಅವನು ಬಯಸಿದ ರುಚಿಯು ಬರಿಯ ಚಾಪಲ್ಯವಲ್ಲ. ಚೀನದ ದಕ್ಷಿಣ ಭಾಗದ ಕ್ಯಾಂಟನೀಸ್ ಜನರು ಅದಕ್ಕೆ 'ವೊಕ್ ಹೇ' ಎಂದು ಹೆಸರಿಟ್ಟಿದ್ದಾರೆ. ಬಾಣಲೆಯ ಉಸಿರು ಎಂದು ಅದರ ಅರ್ಥ. ಪದಾರ್ಥದಲ್ಲಿ ನೀರು ನಿಂತಿರುವವರೆಗೆ ಅದರ ಮೈ 100 ಡಿಗ್ರಿಯ ಶಾಖವನ್ನು ಹೆಚ್ಚಾಗಿ ಮೀರಲಾರದು. ನೀರು ಹಾರಿದ ಮೇಲೆಯೇ ಶಾಖವು ಏರಿ, ಸುಮಾರು 140 ಡಿಗ್ರಿಯನ್ನು ದಾಟಿದಾಗ ಮೈ ಕಂದುಬಣ್ಣಕ್ಕೆ ತಿರುಗಿ ಹುರಿದ ಪರಿಮಳವು ಹುಟ್ಟುವುದು. ಫ್ರಾನ್ಸ್ ದೇಶದ ಮೈಯಾರ್ ಎಂಬ ವಿಜ್ಞಾನಿಯು 1912ರಲ್ಲಿ ಈ ಪರಿಣಾಮವನ್ನು ವರ್ಣಿಸಿದನು. ಬೇಗನೆ ನೀರು ಹಾರಿದರೆ ತರಕಾರಿಯ ಒಳಗು ಗರಿಗರಿಯಾಗಿಯೇ ಉಳಿದು ಹೊರಗು ಹುರಿಯುತ್ತದೆ. ನಿಧಾನವಾದರೆ ಒಳಗೂ ಹೊರಗೂ ಒಂದೇ ಸಮನೆ ಮೆತ್ತಗಾಗುತ್ತದೆ. ಆದುದರಿಂದ ಉರಿಯ ಬಲವು ಬೇಕೆಂಬ ಅವನ ಮಾತಿನಲ್ಲಿ ತಥ್ಯವಿದೆ.

ಈಗ ಉರಿಯ ಬಲವೆಂದರೆ ಏನೆಂಬುದನ್ನು ನೋಡಬೇಕು. ತರ್ಕಶಾಸ್ತ್ರವು ಉಷ್ಣವಾದ ಸ್ಪರ್ಶವುಳ್ಳದ್ದೇ ತೇಜಸ್ಸು ಎಂದು ಲಕ್ಷಣವನ್ನು ಹೇಳುತ್ತದೆ. ಆದರೆ ಸ್ಪರ್ಶದ ತೀಕ್ಷ್ಣತೆಯು ಬೇರೆ, ಶಾಖದ ಮೊತ್ತವು ಬೇರೆ. ಮನೆಯ ಗ್ಯಾಸ್ ಒಲೆಯ ಜ್ವಾಲೆಗೂ ಗಾಡಿಯವನ ಒಲೆಯ ಜ್ವಾಲೆಗೂ ತೀಕ್ಷ್ಣತೆಯಲ್ಲಿ ಹೇಳಿಕೊಳ್ಳುವಂತಹ ಭೇದವಿಲ್ಲ. ಎರಡರಲ್ಲಿಯೂ ಉರಿಯುವುದು ಅದೇ ಅನಿಲವು. ಭೇದವಿರುವುದು ಮೊತ್ತದಲ್ಲಿ. ಮನೆಯ ಬರ್ನರೊಂದು ಗಂಟೆಗೆ 200 ಗ್ರಾಂ ಅನಿಲವನ್ನು ಉರಿಸುವುದೆಂದು ಇಟ್ಟುಕೊಳ್ಳಬಹುದು. ಒಂದು ಕಿಲೋ ಅನಿಲದಿಂದ ಸುಮಾರು 46,000 ಕಿಲೋಜೂಲು ಶಾಖವು ಹುಟ್ಟುವುದರಿಂದ, ಇಂತಹ ಬರ್ನರು ಕ್ಷಣಕ್ಷಣಕ್ಕೂ, ಅಂದರೆ ಸೆಕೆಂಡಿಗೆ, ಎರಡೂವರೆ ಕಿಲೋಜೂಲಿನಷ್ಟು ಶಾಖವನ್ನು ಕೊಡುತ್ತದೆ. ಮನೆಯ ಗ್ಯಾಸ್ ಒಲೆಗೆ ಭಾರತೀಯ ಮಾನಕವು ವಿಧಿಸಿರುವ ಕನಿಷ್ಠ ದಕ್ಷತೆಯು 100ಕ್ಕೆ 68. ಈ ಲೆಕ್ಕದಂತೆ ಪಾತ್ರೆಗೆ ಮುಟ್ಟುವುದು ಸೆಕೆಂಡಿಗೆ 1.7 ಕಿಲೋಜೂಲು. ಹೋಟಲುಗಳಲ್ಲಿ ಚೀನೀ ಅಡಿಗೆಗೆಂದೇ ಕಟ್ಟಿದ ಒಲೆಗಳು ಇದಕ್ಕೆ ಹತ್ತರಷ್ಟು ಬಲವುಳ್ಳವಾಗಿರುವುದು ಸಾಮಾನ್ಯ.

ಇಷ್ಟು ಉರಿಯ ಲೆಕ್ಕವಾಯಿತು. ಹೊರೆಯ ಲೆಕ್ಕವನ್ನೂ ಮಾಡದಿದ್ದರೆ ವಿಚಾರವು ಏಕಪಕ್ಷೀಯವಾಗುವುದು. ಅರ್ಧ ಕಿಲೋ ತರಕಾರಿಯನ್ನು 30 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು ಸುಮಾರು 140 ಕಿಲೋಜೂಲು ಬೇಕು. ಅದು ಬಿಡುವ ನೀರಿನಲ್ಲಿ 100 ಗ್ರಾಂ ಹಾರಿಹೋಗಬೇಕಾದರೆ ಮತ್ತೆ 226 ಕಿಲೋಜೂಲು ಬೇಕು. ಎರಡೂ ಸೇರಿ 366. ಮನೆಯ ಬರ್ನರಿಗೆ ಇದು ಮೂರೂವರೆ ನಿಮಿಷಗಳಿಗೂ ಹೆಚ್ಚಿನ ಕೆಲಸ. ಅಷ್ಟು ಹೊತ್ತೂ ತರಕಾರಿಯು ತನ್ನ ನೀರಿನಲ್ಲಿಯೇ ಬೇಯುತ್ತಿರುವುದು. ಅದನ್ನೇ ನಾಲ್ಕು ಪಾಲು ಮಾಡಿದರೆ ಒಂದೊಂದು ಪಾಲಿಗೆ ಬೇಕಾದುದು ಸುಮಾರು 91 ಕಿಲೋಜೂಲು ಮಾತ್ರ.

ಇಲ್ಲಿ ತರುಣನು ಲೆಕ್ಕಕ್ಕೆ ತೆಗೆದುಕೊಳ್ಳದ ಇನ್ನೊಂದು ಅಂಶವಿದೆ. ಬಾಣಲೆಯೂ ಶಾಖವನ್ನು ಕೂಡಿಡಬಲ್ಲದು. ಎರಡು ಕಿಲೋ ತೂಕದ ಕಬ್ಬಿಣದ ಬಾಣಲೆಯನ್ನು ಬರಿದಾಗಿಯೇ ಕೆಲವು ನಿಮಿಷ ಕಾಯಿಸಿ 250 ಡಿಗ್ರಿಗೆ ಏರಿಸಿದರೆ, ಅದು 140 ಡಿಗ್ರಿಗೆ ಇಳಿಯುವಷ್ಟರಲ್ಲಿ ಸುಮಾರು 100 ಕಿಲೋಜೂಲನ್ನು ಹಿಂದಕ್ಕೆ ಕೊಡುತ್ತದೆ. ಎಂದರೆ ಕಾಲುಭಾಗದ ತರಕಾರಿಗೆ ಬೇಕಾದ ಶಾಖವು ಬಾಣಲೆಯ ಹೊಟ್ಟೆಯಲ್ಲಿಯೇ ಇದೆ. ಕೆಳಗಿನ ಉರಿಯು ಕೊಡುವುದು ಮೇಲಿನ ಲಾಭ. ಅರ್ಧ ಕಿಲೋವನ್ನು ಒಟ್ಟಿಗೆ ಹಾಕಿದಾಗ ಈ ಗಂಟು ಕ್ಷಣದಲ್ಲಿ ಕರಗಿ ಬಾಣಲೆಯು ದಿವಾಳಿಯಾಗುತ್ತದೆ. ಚುಂಯ್ ಎಂಬ ಸದ್ದು ಅಡಗಿದುದರ ಕಾರಣವು ಇದೇ. ಹೀಗೆ ನೋಡಿದರೆ ಮುದುಕಿಯು ಲೆಕ್ಕವಿಲ್ಲದೆ ಹೇಳಿದ ಮಾತಿಗೂ ಲೆಕ್ಕದ ಫಲಕ್ಕೂ ವಿರೋಧವಿಲ್ಲ.

ಮುದುಕಿಗೆ ಇದು ತಿಳಿದದ್ದು ಹೇಗೆ? ನಾಗರಪಂಚಮಿಗೆ ಜೋಳದ ಅರಳನ್ನು ಹುರಿದ ಕೈಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹಂಚು ಚೆನ್ನಾಗಿ ಕಾದ ಮೇಲೆ ಒಂದು ಹಿಡಿ ಜೋಳ. ಅದು ಅರಳಿ ಹೊರಗೆ ಬಂದ ಮೇಲೆ ಮತ್ತೊಂದು ಹಿಡಿ. ಎರಡು ಹಿಡಿಯ ಆಸೆಪಟ್ಟರೆ ಒಂದು ಹಿಡಿಯೂ ಅರಳುವುದಿಲ್ಲ. ದಾವಣಗೆರೆಗೆ ಹೆಸರು ತಂದ ಮಂಡಕ್ಕಿಯ ಭಟ್ಟಿಯಲ್ಲಿಯೂ ಇದೇ ನ್ಯಾಯವು ನಡೆಯುತ್ತದೆ. ನೆನೆಸಿ ಬೇಯಿಸಿ ಒಣಗಿಸಿದ ಭತ್ತದಿಂದ ಮಾಡಿದ ಅಕ್ಕಿಗೆ ಉಪ್ಪುನೀರನ್ನು ಹಿಡಿಸಿ, 200 ಡಿಗ್ರಿಗೂ ಮೇಲೆ ಕಾದ ಮರಳಿನಲ್ಲಿ ಹಾಕುತ್ತಾರೆ. ಕಾಳಿನ ಒಳಗಿನ ತೇವವು ಒಮ್ಮೆಲೆ ಆವಿಯಾಗಿ ಕೆಲವೇ ಕ್ಷಣಗಳಲ್ಲಿ ಅದು ಉಬ್ಬಿ ಅರಳುತ್ತದೆ; ಕೂಡಲೆ ಜರಡಿ ಹಿಡಿದು ಮರಳನ್ನು ಬೇರ್ಪಡಿಸುತ್ತಾರೆ. ಉರಿಯು ಅಕ್ಕಿಯನ್ನು ಮುಟ್ಟುವುದೇ ಇಲ್ಲ. ಉರಿಯಿಂದ ಪಡೆದು ಕೂಡಿಟ್ಟ ಕಾವನ್ನು ಮರಳು ಕಾಳಿನ ಸುತ್ತಲೂ ಕೊಡುತ್ತದೆ. ಅಷ್ಟು ದೊಡ್ಡ ಭಟ್ಟಿಯಿದ್ದರೂ ಅಕ್ಕಿಯನ್ನು ಅಳತೆಯಿಂದಲೇ ಹಾಕಬೇಕು. ದೊಡ್ಡ ಉರಿಯು ಮಿತಿಯನ್ನು ದೊಡ್ಡದು ಮಾಡುತ್ತದೆಯೇ ಹೊರತು ಮಿತಿಯನ್ನು ಇಲ್ಲದಂತೆ ಮಾಡುವುದಿಲ್ಲ.

ಆಯುರ್ವೇದವು ಜಠರಾಗ್ನಿಯನ್ನು ಕುರಿತು ಹೇಳಿದ ಮಾತು ಇಲ್ಲಿಗೂ ಒಪ್ಪುತ್ತದೆ. ಆಹಾರದ ಪ್ರಮಾಣವು ಉಣ್ಣುವವನ ಅಗ್ನಿಬಲವನ್ನು ಅವಲಂಬಿಸಿರುವುದೆಂದು ಚರಕಸಂಹಿತೆಯು ತಿಳಿಸುತ್ತದೆ. ಎಲ್ಲರಿಗೂ ಒಂದೇ ಅಳತೆಯನ್ನು ಅದು ವಿಧಿಸಲಿಲ್ಲ. ಆದುದರಿಂದ 'ಸಾಲದು' ಎಂಬುದು ಅಗ್ನಿಯೊಂದರ ಗುಣವಲ್ಲ, ಅನ್ನವೊಂದರ ಗುಣವೂ ಅಲ್ಲ. ಅದು ಇವೆರಡರ ಸಂಬಂಧದ ಹೆಸರು. ಸಂಬಂಧದಲ್ಲಿ ದೋಷವು ಕಂಡಾಗ ಎರಡು ಕಡೆಗಳನ್ನೂ ಪರೀಕ್ಷಿಸದೆ ಒಂದನ್ನು ದೂರುವುದು ಅವಿಚಾರವೆನಿಸುವುದು. ಇದರಲ್ಲಿ ತನ್ನ ಕೈಯಲ್ಲಿರುವ ಕಡೆಯನ್ನು, ಅಂದರೆ ಹೊರೆಯನ್ನು, ಮೊದಲು ಪರೀಕ್ಷಿಸುವುದು ವಿವೇಕಿಯ ಲಕ್ಷಣವು.

ಹೀಗೆ ನಿರ್ಣಯಿಸಿದ ಮೇಲೆ ಮಾಡಬೇಕಾದುದು ಸರಳವಾಗಿದೆ. ಬಾಣಲೆಯನ್ನು ಮೊದಲು ಬರಿದಾಗಿ ಕಾಯಿಸುವುದು. ತೊಳೆದ ತರಕಾರಿಯ ನೀರನ್ನು ಬಟ್ಟೆಯಿಂದ ಒರೆಸುವುದು. ಅನ್ನವನ್ನು ಮುಂಚೆಯೇ ಮಾಡಿ ಹರಡಿ ಆರಿಸಿಕೊಳ್ಳುವುದು. ಒಬ್ಬರಿಗೆ ಸಾಕಾಗುವಷ್ಟನ್ನೇ ಒಂದು ಸಲಕ್ಕೆ ಹುರಿದು ತೆಗೆಯುವುದು. ಮತ್ತೆ ಬಾಣಲೆಯು ಕಾಯುವವರೆಗೆ ತಾಳುವುದು. ಕೈಯನ್ನು ಮಾತ್ರ ನಿಲ್ಲಿಸಬಾರದು. ಸ್ಥಾಲೀಪುಲಾಕನ್ಯಾಯವೆಂದು ಶಾಸ್ತ್ರಜ್ಞರು ಹೇಳುವುದುಂಟು. ಪಾತ್ರೆಯ ಒಂದು ಅಗುಳನ್ನು ಹಿಚುಕಿ ನೋಡಿದರೆ ಉಳಿದ ಅಗುಳುಗಳ ಪಾಕವು ತಿಳಿಯುವುದೆಂದು ಅದರ ಅಭಿಪ್ರಾಯ. ನೀರಿನಲ್ಲಿ ಬೇಯುವ ಅನ್ನಕ್ಕೆ ಈ ನ್ಯಾಯವು ಸರಿಯೇ. ಬಾಣಲೆಯಲ್ಲಿ ಅದು ಸಲ್ಲದು. ತಳದಲ್ಲಿರುವುದು ಕರಿಕಾಗುತ್ತಿರುವಾಗಲೇ ಅಂಚಿನಲ್ಲಿರುವುದು ಹಸಿಯಾಗಿರುತ್ತದೆ. ಇಲ್ಲಿ ಒಂದೊಂದು ತುಣುಕಿಗೂ ಉರಿಯ ಸರದಿಯು ಬರುವಂತೆ ಮಾಡುವುದೇ ಅಡಿಗೆಯವನ ಧರ್ಮ. ಗಾಡಿಯವನು ಬಾಣಲೆಯನ್ನು ಕುಲುಕುವುದು ನೋಡುವವರ ವಿನೋದಕ್ಕಾಗಿ ಅಲ್ಲ.

ಇಷ್ಟರಲ್ಲಿ ಒಂದು ಆಕ್ಷೇಪವು ಏಳುವುದು. ಇದ್ದುದರಲ್ಲಿಯೇ ತೃಪ್ತನಾಗೆಂಬ ಹಳೆಯ ಉಪದೇಶವನ್ನೇ ಇಲ್ಲಿ ಲೆಕ್ಕದ ವೇಷ ಹಾಕಿ ನಿಲ್ಲಿಸಿದಂತಾಗಲಿಲ್ಲವೇ? ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಗಾದೆಯನ್ನು ಅಗಲವಾದ ಹಾಸಿಗೆಯುಳ್ಳವರೇ ಇಕ್ಕಟ್ಟಿನ ಚಾಪೆಯವರಿಗೆ ಹೆಚ್ಚಾಗಿ ಹೇಳುತ್ತಾರಲ್ಲವೇ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಮಳೆಗಾಲದಲ್ಲಿ ಹಸಿ ಸೌದೆಯ ಮುಂದೆ ಕುಳಿತು, ಊದುಕೊಳವೆಯನ್ನು ಹಿಡಿದು, ಕಣ್ಣೀರು ಸುರಿಸುತ್ತ ಊದುವ ಹೆಣ್ಣುಮಗಳಿಗೆ ಉರಿಯು ಸಾಲದೆಂಬುದು ಮನಸ್ಸಿನ ಭ್ರಮೆಯಲ್ಲ. ಅವಳ ಬೊಗಸೆಯು ದೊಡ್ಡದೆಂದು ಹೇಳುವವನು ನಿರ್ದಯನು. ಅವಳು ಹೊರೆಯನ್ನು ಇನ್ನು ಕುಗ್ಗಿಸಬೇಕಾದರೆ ಮಕ್ಕಳ ತಟ್ಟೆಯನ್ನೇ ಕುಗ್ಗಿಸಬೇಕಾಗುವುದು. 2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆಯ ಮೂಲಕ ಬಡವರ ಮನೆಗಳಿಗೆ ಗ್ಯಾಸ್ ಸಂಪರ್ಕವನ್ನು ಕೊಟ್ಟದ್ದು ಇಂತಹ ನಿಜವಾದ ಕೊರತೆಯನ್ನು ಒಪ್ಪಿಕೊಂಡುದರಿಂದಲೇ. ಅಂಥಲ್ಲಿ ನೆಲವೇ ಡೊಂಕು. ಅದನ್ನು ಸರಿಪಡಿಸುವುದು ಸಮಾಜದ ಹೊಣೆ.

ಆದುದರಿಂದ ಪರೀಕ್ಷೆಯ ಕ್ರಮವು ಹೀಗೆ ನಿಲ್ಲುತ್ತದೆ. ಹೊರೆಯನ್ನು ಅಳತೆಗೆ ತಂದಾಗ ಯಾರಿಗೂ ಹಾನಿಯಾಗದೆ ಕಾರ್ಯವು ಸಾಧಿಸುವುದಾದರೆ ದೋಷವು ಕರ್ತೃವಿನದು. ಹೊರೆಯನ್ನು ಕುಗ್ಗಿಸುವುದರಿಂದ ಯಾರದೋ ಅನ್ನವೋ ಆರೋಗ್ಯವೋ ಮಾನವೋ ಕುಗ್ಗುವುದಾದರೆ ದೋಷವು ಉಪಕರಣದ್ದು. ಮೊದಲನೆಯವನಿಗೆ ತಾಳ್ಮೆಯನ್ನು ಹೇಳಬಹುದು. ಎರಡನೆಯವಳಿಗೆ ಒಲೆಯನ್ನು ಕೊಡಬೇಕು. ತಾಳ್ಮೆಯನ್ನು ಹೇಳಬೇಕಾದವನಿಗೆ ಒಲೆಯನ್ನು ಕೊಡುವುದು ದುಂದು. ಒಲೆಯನ್ನು ಕೊಡಬೇಕಾದವಳಿಗೆ ತಾಳ್ಮೆಯನ್ನು ಹೇಳುವುದು ಅಧರ್ಮ.

ಇನ್ನು ತರುಣನು ಬಯಸಿದ ದೊಡ್ಡ ಬರ್ನರಿನ ವಿಷಯ. ಮನೆಯ ಸಿಲಿಂಡರಿನ ರೆಗ್ಯುಲೇಟರು ಅನಿಲದ ಒತ್ತಡವನ್ನು ಚದರ ಸೆಂಟಿಮೀಟರಿಗೆ ಸುಮಾರು 30 ಗ್ರಾಂ ಭಾರದಷ್ಟಕ್ಕೆ ಇಳಿಸಿ ಒಲೆಗೆ ಕೊಡುತ್ತದೆ. ಮನೆಯ ರಬ್ಬರು ನಳಿಕೆಯೂ ಒಲೆಯೂ ಆ ಒತ್ತಡಕ್ಕೆ ಹೊಂದಿದವು. ಹೆಚ್ಚು ಒತ್ತಡದ ಬರ್ನರಿಗೆ ಇವನ್ನೇ ಜೋಡಿಸಿ ರೆಗ್ಯುಲೇಟರನ್ನು ಮಾತ್ರ ಬದಲಾಯಿಸುವುದು ಮನೆಯವರ ಪ್ರಾಣವನ್ನು ಪಣಕ್ಕಿಟ್ಟಂತೆ. ಅದೂ ಅಲ್ಲದೆ ಒಂದು ಕಿಲೋ ಅನಿಲವು ಪೂರ್ಣವಾಗಿ ಉರಿಯಲು ಸುಮಾರು 15 ಕಿಲೋ ಗಾಳಿಯು ಬೇಕು. ಒಂದು ಕಿಟಕಿಯ ಸಣ್ಣ ಅಡಿಗೆಮನೆಯಲ್ಲಿ ಗಾಳಿಯು ಸಾಲದೆಹೋದರೆ ವಾಸನೆಯೂ ಬಣ್ಣವೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವು ಹುಟ್ಟುತ್ತದೆ. ಗಾಡಿಯವನ ಒಲೆಯು ಬಯಲಿನಲ್ಲಿರುವುದೆಂಬುದನ್ನು ತರುಣನು ಮರೆತಿದ್ದನು. ಬಯಲಿನಲ್ಲಿ, ಅದಕ್ಕೆ ತಕ್ಕ ಸಲಕರಣೆಗಳೊಡನೆ, ತಿಳಿದವರ ಕೈಯಿಂದ ದೊಡ್ಡ ಒಲೆಯನ್ನು ಹೂಡಿಸಿಕೊಂಡರೆ ಅದು ತಪ್ಪಲ್ಲ. ಮದುವೆಯ ಮನೆಗಳಲ್ಲಿ ನಡೆಯುವುದೂ ಹಾಗೆಯೇ. ನಾಲ್ವರ ಮನೆಯ ರಾತ್ರಿಯ ಊಟಕ್ಕೆ ಮದುವೆಯ ಒಲೆಯು ಬೇಕೇ ಎಂಬುದು ಮಾತ್ರ ಪ್ರಶ್ನೆ.

ದೊಡ್ಡ ಉರಿಯನ್ನು ಬಯಸುವಾಗ ಆ ಉರಿಯ ಮುಂದೆ ನಿಲ್ಲುವವರು ಯಾರೆಂಬುದನ್ನೂ ಯೋಚಿಸುವುದು ಯುಕ್ತ. ಮಂಡಕ್ಕಿಯನ್ನು ಮೆಲ್ಲುವವನಿಗೆ ಅದು ಹೂವಿನಂತೆ ಹಗುರ. ಅದನ್ನು ಅರಳಿಸಿದವನು ಕಾದ ಮರಳಿನ ಮುಂದೆ, ಹೊಗೆಯ ನಡುವೆ, ದಿನವೆಲ್ಲ ನಿಂತಿರುತ್ತಾನೆ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದ ಮೊದಲ 20 ನಗರಗಳಲ್ಲಿ ದಾವಣಗೆರೆಯೂ ಒಂದಾಗಿತ್ತು. ಆಗಿನ ಸಂಕಲ್ಪಗಳಲ್ಲಿ ಮಂಡಕ್ಕಿ ಭಟ್ಟಿಗಳ ಪ್ರದೇಶದ ಸುಧಾರಣೆಯೂ ಸೇರಿತ್ತು. ನಗರಕ್ಕೆ ಹೆಸರು ತಂದ ಉರಿಯು ಕೆಲವರ ಶ್ವಾಸಕ್ಕೆ ಭಾರವಾಗಿರುವುದೆಂಬ ಅರಿವು ಇದರ ಹಿಂದಿತ್ತು. ಬೀದಿಯ ಗಾಡಿಯವನ ಮುಖವೂ ಸಂಜೆಯಿಂದ ರಾತ್ರಿಯವರೆಗೆ ಉರಿಗೆ ಎದುರಾಗಿಯೇ ಇರುತ್ತದೆ. ಅವನ ಕೈರುಚಿಯನ್ನು ಹೊಗಳಿ, ನಾಲ್ಕು ಕಾಸಿಗೆ ಅವನೊಡನೆ ಜಗಳವಾಡುವವನು ಆ ಉರಿಯ ಬೆಲೆಯನ್ನು ತಿಳಿದವನಲ್ಲ.

ಈ ವಿಚಾರವು ಮನೆಯ ಒಲೆಗೂ ಹಿಂದಿರುಗುತ್ತದೆ. ಸಣ್ಣ ಉರಿಯಲ್ಲಿ ಒಳ್ಳೆಯ ರುಚಿಯನ್ನು ತೆಗೆಯುವುದಕ್ಕೆ ಕೊಡಬೇಕಾದ ಬೆಲೆಯು ಕಾಲ. ನಾಲ್ಕು ಪಾಲಾಗಿ ಹುರಿದರೆ ಉರಿಯ ಮುಂದೆ ನಾಲ್ಕು ಸಲ ನಿಲ್ಲಬೇಕು. ಮನೆಯವರು ಒಬ್ಬೊಬ್ಬರಾಗಿ ಬಿಸಿಯಾಗಿ ಉಣ್ಣುತ್ತಿರುವಾಗ ಹುರಿಯುವವರು ಕಾದಿರಬೇಕು. ದೋಸೆಯ ದಿನಗಳಲ್ಲಿ ಈ ಬೆಲೆಯನ್ನು ಯಾರು ತೆರುತ್ತಾರೆಂಬುದು ಎಲ್ಲ ಮನೆಗಳಲ್ಲಿಯೂ ತಿಳಿದ ವಿಷಯವೇ. ಎಲ್ಲರೂ ಗರಿಗರಿಯಾದ ದೋಸೆಯನ್ನು ತಿಂದೆದ್ದ ಮೇಲೆ ಮನೆಯ ಹೆಣ್ಣುಮಗಳು ಕಡೆಯ ಹಿಟ್ಟನ್ನು ಹುಯ್ದುಕೊಂಡು ಒಬ್ಬಳೇ ಕುಳಿತು ತಿನ್ನುತ್ತಾಳೆ. ಮಿತಿಯು ಒಳ್ಳೆಯದೆಂದು ಒಬ್ಬನು ಉಪದೇಶಿಸಿ, ಅದರ ಭಾರವನ್ನು ಇನ್ನೊಬ್ಬಳು ಹೊರುವುದಾದರೆ ಅದು ಮಿತಿಯೆನಿಸಲಾರದು. ರುಚಿಯನ್ನು ಬಯಸಿದವನೇ ಒಲೆಯ ಮುಂದೆ ನಿಲ್ಲುವುದು ಇಲ್ಲಿಯ ಧರ್ಮವು.

ದೃಷ್ಟಾಂತದ ತರುಣನು ಮರುದಿನ ಹಾಗೆಯೇ ಮಾಡಿದನೆಂದು ಭಾವಿಸಬಹುದು. ಬಾಣಲೆಯನ್ನು ಚೆನ್ನಾಗಿ ಕಾಯಿಸಿ, ಒಂದು ಹಿಡಿ ತರಕಾರಿ, ಒಂದು ಹಿಡಿ ಅನ್ನದಂತೆ ಹುರಿದು, ಮೊದಲ ತಟ್ಟೆಯನ್ನು ಅಜ್ಜಿಗೆ ಕೊಟ್ಟನು. ಎರಡನೆಯದನ್ನು ತಾಯಿಗೆ, ಮೂರನೆಯದನ್ನು ತಂದೆಗೆ. ಕಡೆಯ ಪಾಲನ್ನು ತನಗೆ ಹುರಿದುಕೊಳ್ಳುವಷ್ಟರಲ್ಲಿ ಅವನ ಅಂಗಿಯು ಬೆವರಿನಿಂದ ತೊಯ್ದಿತ್ತು. ರುಚಿಯು ಗಾಡಿಯವನದರಷ್ಟೇ ಆಯಿತೆಂದು ಹೇಳುವುದು ಸುಳ್ಳಾದೀತು; ಹತ್ತರಷ್ಟು ಬಲದ ಉರಿಯು ಕೊಡುವ ಕೆಲವು ಗುಣಗಳು ಸಣ್ಣ ಉರಿಗೆ ಎಟುಕುವುದಿಲ್ಲ. ಆದರೆ ಚುಂಯ್ ಎಂಬ ಸದ್ದು ಕಡೆಯವರೆಗೂ ಅಡಗಲಿಲ್ಲ, ಅನ್ನವು ಮುದ್ದೆಯಾಗಲಿಲ್ಲ. ಅಜ್ಜಿಯು ತಿಂದು, "ಈಗ ಒಲಿ ದೊಡ್ಡದಾತು ನೋಡು" ಎಂದಳು.

ಒಲೆಯು ಅದೇ ಆಗಿತ್ತು. ಉರಿಯ ಬಲವನ್ನು ಅರಿತು ಹೊರೆಯನ್ನು ಹಾಕುವವನಿಗೆ ಇದ್ದ ಉರಿಯು ಬಹುಮಟ್ಟಿಗೆ ಸಾಕಾಗುತ್ತದೆ. ಹಾಗೆ ಅರಿತು ಹಾಕಿದ ಮೇಲೆಯೂ ಸಾಲದಿದ್ದವರ ಮಾತನ್ನು ಉಳಿದವರು ನಂಬತಕ್ಕದ್ದು.